ಟೆಸ್ಟಿನ ಲೆಕ್ಕಕ್ಕೆ ಬರೆದ ಖರ್ಚು

"ಈ ಸಲ ಟೆಸ್ಟು ಬಹಳ ದುಬಾರಿಯಾಯಿತು ಸ್ವಾಮಿ" ಎಂಬ ಮಾತನ್ನು ನನ್ನ ಗ್ಯಾರೇಜಿನಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಬಿಲ್ಲನ್ನು ಬಿಡಿಸಿ ನೋಡಿದರೆ ಅದರಲ್ಲಿ ವಾಹನದ ವಾರ್ಷಿಕ ಪರೀಕ್ಷೆಯ ಶುಲ್ಕ ಒಂದೇ ಒಂದು ಸಾಲು; ಉಳಿದುದೆಲ್ಲ ಬ್ರೇಕ್ ಪ್ಯಾಡ್, ಟೈರು, ಬುಷ್, ಕೂಲಿ. ವರ್ಷವಿಡೀ ಸವೆದದ್ದರ ಬೆಲೆಯನ್ನು ಅದನ್ನು ಕಂಡುಹಿಡಿದ ದಿನದ ತಲೆಗೆ ಕಟ್ಟುವ ಈ ಅಭ್ಯಾಸವನ್ನು ಬಿಡಿಸಲು ನನ್ನಿಂದ ಇಂದಿಗೂ ಆಗಿಲ್ಲ.

ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಕಾರಿನ ಖರ್ಚನ್ನೆಲ್ಲ ಅಚ್ಚುಕಟ್ಟಾಗಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಒಮ್ಮೆ ಅದನ್ನು ನನ್ನ ಮುಂದೆ ತೆರೆದು, ವಾರ್ಷಿಕ ಪರೀಕ್ಷೆ ಎಂಬುದು ಹೇಗೆ ಹಗಲುದರೋಡೆಯಾಗಿದೆ ಎಂದು ವಿವರಿಸತೊಡಗಿದರು. "ಟೆಸ್ಟ್" ಎಂಬ ಶೀರ್ಷಿಕೆಯ ಕೆಳಗೆ ಶುಲ್ಕವಿತ್ತು, ಎರಡು ಟೈರುಗಳಿದ್ದವು, ಬ್ಯಾಟರಿಯಿತ್ತು, ಕೊನೆಗೆ ಕಾಲಡಿಯ ಮ್ಯಾಟ್ ಕೂಡ ಇತ್ತು. ಮ್ಯಾಟನ್ನು ಪರೀಕ್ಷಕರು ಕೇಳಿದರೇ ಎಂದೆ. ಅದೇ ವಾರ ಕೊಂಡದ್ದರಿಂದ ಅಲ್ಲಿ ಬರೆದೆನೆಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಬರೆದಿಡದ ಉಳಿದವರೂ ಮನಸ್ಸಿನಲ್ಲಿ ಇದೇ ಲೆಕ್ಕವನ್ನು ಇಟ್ಟಿರುತ್ತಾರೆ.

ಬ್ರೇಕನ್ನೇ ನೋಡಿ. ಹೊಸ ಡಿಸ್ಕ್ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪವಿರುತ್ತದೆ, ಮತ್ತು ಅದು ಸುಮಾರು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸಿದರೆ ಖರ್ಚು ಪ್ಯಾಡಿನಷ್ಟೇ. ಕಿರ್ರೆಂಬ ಸದ್ದು ಕೇಳಿಸುತ್ತಿದ್ದರೂ "ಹೇಗೂ ಟೆಸ್ಟಿಗೆ ಹೋಗಬೇಕಲ್ಲ, ಆಗ ನೋಡಿದರಾಯಿತು" ಎಂದು ತಳ್ಳಿದಾಗ ಪ್ಯಾಡಿನ ಹಿಂಬದಿಯ ಉಕ್ಕಿನ ತಗಡೇ ಡಿಸ್ಕಿಗೆ ತಾಗಿ ಗೀರು ಹಾಕುತ್ತದೆ. ಡಿಸ್ಕು ತಯಾರಕರು ಗೊತ್ತುಪಡಿಸಿದ ಕನಿಷ್ಠ ದಪ್ಪಕ್ಕಿಂತ ತೆಳುವಾದರೆ ಅದನ್ನು ನುಣುಪು ಮಾಡಿಸಲು ಲೇತಿಗೆ ಕೊಟ್ಟೂ ಪ್ರಯೋಜನವಿಲ್ಲ, ಎರಡೂ ಬದಿಯದನ್ನು ಜೋಡಿಯಾಗಿಯೇ ಬದಲಾಯಿಸಬೇಕಾಗುತ್ತದೆ. ಪರೀಕ್ಷೆಯಲ್ಲಿ ರೋಲರಿನ ಮೇಲೆ ಚಕ್ರ ತಿರುಗಿಸಿ ಎಡಬಲಗಳ ಬ್ರೇಕ್ ಬಲವನ್ನು ಅಳೆಯುವ ಯಂತ್ರ ಆ ಗೀರನ್ನು ಹಾಕಿದ್ದಲ್ಲ.

ಹೊಗೆಯ ವಿಷಯದಲ್ಲಿ ಈ ಸರಪಳಿ ಇನ್ನೂ ಉದ್ದ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟರೆ ಆ ಸಿಲಿಂಡರಿನ ಇಂಧನ ಉರಿಯದೆ ಹೊರಬರುತ್ತದೆ, ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ, ಆ ಶಾಖಕ್ಕೆ ಒಳಗಿನ ಜೇನುಗೂಡಿನಂಥ ಭಾಗ ಕರಗುವುದೂ ಉಂಟು. ಪ್ಲಗ್ಗಿಗೆ ಹೋಗಬೇಕಿದ್ದ ಹಣ ಹೀಗೆ ಕನ್ವರ್ಟರಿಗೆ ಹೋಗುತ್ತದೆ, ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳಿರುವುದರಿಂದ ಬೆಲೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಂಜಿನ್ ದೀಪ ತಿಂಗಳುಗಟ್ಟಲೆ ಉರಿದು ಎಚ್ಚರಿಸಿರುತ್ತದೆ. ಒಬ್ಬ ಗಿರಾಕಿ ರಾತ್ರಿ ಕಣ್ಣಿಗೆ ಕುಕ್ಕುತ್ತದೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದ.

ಪರೀಕ್ಷೆಗೆ ಶುಲ್ಕದ ಹೊರತು ಬೇರೆ ಖರ್ಚೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಾಡಿಗೆಗೆ ವಾಹನ ಓಡಿಸುವವರಿಗೆ ಅರ್ಧ ದಿನದ ದುಡಿಮೆ ತಪ್ಪುತ್ತದೆ, ನಪಾಸಾದರೆ ಇನ್ನೊಮ್ಮೆ ತಪ್ಪುತ್ತದೆ. ನಂಬರ್ ಪ್ಲೇಟಿನ ಬಲ್ಬು ಉರಿಯದೆ, ವೈಪರಿನ ರಬ್ಬರು ಹರಿದು ನಪಾಸಾದವರನ್ನು ಕಂಡಾಗ ನನಗೇ ಸಂಕಟವಾಗುತ್ತದೆ, ಏಕೆಂದರೆ ಮನೆಯಂಗಳದಲ್ಲಿ ಐದು ನಿಮಿಷ ನೋಡಿದ್ದರೆ ಅದು ತಪ್ಪುತ್ತಿತ್ತು. ಹಳೆಯ ವಾಹನದ ಚಾಸಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಲೆಕ್ಕ ಬೇರೆ. ವೆಲ್ಡಿಂಗ್ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಬಿಚ್ಚಿ ನೋಡುವ ಮೊದಲು ಯಾವ ಮೆಕ್ಯಾನಿಕ್ಕೂ ಖಚಿತವಾಗಿ ಹೇಳಲಾರ, ಹೇಳಿದರೆ ನಂಬಬೇಡಿ.

ಪರೀಕ್ಷಿಸಿದವನೇ ದುರಸ್ತಿಯನ್ನೂ ಮಾಡುವಲ್ಲಿ ಅನುಮಾನ ಹುಟ್ಟುವುದು ಸಹಜ, ಮತ್ತು ನಮ್ಮ ಕಸುಬಿನವರೆಲ್ಲ ಸಾಚಾ ಎಂದು ಪ್ರಮಾಣ ಮಾಡಲು ನಾನು ಸಿದ್ಧನಿಲ್ಲ. ಆದ್ದರಿಂದ ಪರೀಕ್ಷೆಯ ರಸೀದಿಯನ್ನೂ ದುರಸ್ತಿಯ ಬಿಲ್ಲನ್ನೂ ಬೇರೆ ಬೇರೆಯಾಗಿ ಕೇಳಿ. ಯಾವುದರಿಂದ ನಪಾಸಾಯಿತು, ಯಾವುದು ಬರೀ ಸಲಹೆ ಎಂಬುದನ್ನು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕಣ್ಣಾರೆ ನೋಡಿ. ಟೈರಿನ ಕಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅನೇಕ ದೇಶಗಳ ಕಾನೂನು ಅದನ್ನು ಒಪ್ಪುವುದಿಲ್ಲ, ಆದರೆ 2 ಮಿಲಿಮೀಟರ್ ಇದ್ದಾಗ ಬದಲಾಯಿಸಿ ಎಂದರೆ ಅದು ಸಲಹೆ, ಅದೂ ಮಳೆಗಾಲ ಹತ್ತಿರವಿದ್ದರೆ ಒಳ್ಳೆಯ ಸಲಹೆ. ನಿಯಮಗಳು ವಾಹನದಿಂದ ವಾಹನಕ್ಕೆ, ಊರಿಂದ ಊರಿಗೆ ಬದಲಾಗುವುದರಿಂದ ನಿಮಗೆ ಅನ್ವಯಿಸುವ ಪಟ್ಟಿಯನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ.

ಅಂದು ಅಧ್ಯಾಪಕರಿಗೆ ಪುಟದ ನಡುವೆ ಒಂದು ಗೆರೆ ಎಳೆಯಲು ಹೇಳಿದೆ: ಪರೀಕ್ಷೆಯೇ ಇಲ್ಲದಿದ್ದರೂ ಮಾಡಬೇಕಾಗಿದ್ದ ಖರ್ಚೆಲ್ಲ ಗೆರೆಯ ಆಚೆಗೆ. ಟೈರು, ಬ್ಯಾಟರಿಗಳನ್ನು ಅವರು ತಕರಾರಿಲ್ಲದೆ ದಾಟಿಸಿದರು. ಮ್ಯಾಟಿನ ಬಳಿ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು.