ತಲೆಯ ಸ್ಕ್ಯಾನ್ ನಾರ್ಮಲ್, ಕುತ್ತಿಗೆಯನ್ನು ನೋಡಿದ್ದು ಯಾರು?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಫಿಸಿಯೋಥೆರಪಿಗೆ ಬರುವುದು ಸಾಮಾನ್ಯವಾಗಿ ಮೂರು ನಾಲ್ಕು ವಾರ ಕಳೆದ ಮೇಲೆ. ಕೈಯಲ್ಲಿ ದಪ್ಪನೆಯ ಫೈಲು, ಅದರಲ್ಲಿ ತಲೆಯ ಸಿ.ಟಿ. ಸ್ಕ್ಯಾನ್. ವರದಿ ನಾರ್ಮಲ್. ಕುತ್ತಿಗೆಗೆ ಇನ್ನೂ ಕಾಲರ್. "ತಲೆ ಹಿಂದೆ ಹಿಡ್ಕೊಂಡಂಗಿರುತ್ತೆ ಡಾಕ್ಟ್ರೇ, ಅಲ್ಲಿಂದ ಕಣ್ಣಿನ ತನಕ ಬರುತ್ತೆ. ಸ್ಕ್ಯಾನಲ್ಲಿ ಏನೋ ಕಾಣದೆ ಉಳಿದಿದೆ ಅನ್ಸುತ್ತೆ" ಎನ್ನುತ್ತಾರೆ.

ಅವರ ಅನುಮಾನದಲ್ಲಿ ಅರ್ಧ ಸತ್ಯವಿದೆ. ಉಳಿದುಹೋಗಿರುವುದು ಹೆಚ್ಚಾಗಿ ಕುತ್ತಿಗೆ. ದೊಡ್ಡವರ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ. ಅಷ್ಟು ಭಾರ ನೆಲಕ್ಕೆ ಬಡಿದಾಗ, ಅಥವಾ ಹಂಪ್ ಹಾರಿ ಸಟ್ಟನೆ ಹಿಂದಕ್ಕೆ ಮುಂದಕ್ಕೆ ಎಸೆದಾಗ, ಅದನ್ನು ಹೊತ್ತ ಕುತ್ತಿಗೆ ಸುಮ್ನೆ ಪಾರಾಗುವುದಿಲ್ಲ. ಆದರೆ ನೋವು ತಕ್ಷಣ ಬರಬೇಕೆಂದಿಲ್ಲ. ಎಷ್ಟೋ ಸಲ ಮಾರನೆಯ ದಿನ ಎದ್ದಾಗ ಕುತ್ತಿಗೆ ತಿರುಗುವುದಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಾಗಿರುತ್ತದೆ. ತಲೆಯ ಸಿ.ಟಿ. ರಕ್ತಸ್ರಾವ ತೋರಿಸುತ್ತದೆ, ಬುರುಡೆಯ ಬಿರುಕು ತೋರಿಸುತ್ತದೆ. ಉಳುಕಿದ ಕುತ್ತಿಗೆಯ ಕೀಲು, ಬಿಗಿದ ಸ್ನಾಯು ಅದರಲ್ಲಿ ಕಾಣುವುದಿಲ್ಲ.

ಇನ್ನು ಕುತ್ತಿಗೆ ನೋವು ಕಣ್ಣಿಗೆ ಹೋಗುವುದು ಹೇಗೆ? ಕುತ್ತಿಗೆಯ ಮೇಲ್ಭಾಗದ ಮೂರು ನರಗಳೂ, ಹಣೆ ಮತ್ತು ಕಣ್ಣಿನ ಸುತ್ತಲಿನ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಸುದ್ದಿ ಯಾವ ದಾರಿಯಿಂದ ಬಂತು ಎಂದು ಮಿದುಳಿಗೆ ಗೊಂದಲವಾಗುತ್ತದೆ. ಹಾಗಾಗಿ ತೊಂದರೆ ಕುತ್ತಿಗೆಯಲ್ಲಿದ್ದರೂ ಹಣೆ ಸಿಡಿಯುತ್ತದೆ. ಒಂದೇ ಬದಿಯ ತಲೆನೋವು, ಕುತ್ತಿಗೆ ತಿರುಗಿಸಿದರೆ ಜಾಸ್ತಿಯಾಗುವುದು, ತಲೆಬುರುಡೆಯ ಕೆಳಗೆ ಬೆರಳಿಂದ ಒತ್ತಿದಾಗ ಅದೇ ನೋವು ಮರುಕಳಿಸುವುದು, ಇವು ನಾವು ನೋಡುವ ಗುರುತುಗಳು. ಇಂಥವರು ತಿಂಗಳುಗಟ್ಟಲೆ ತಲೆನೋವಿನ ಮಾತ್ರೆ ನುಂಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದರ ಮೇಲೆ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ನೋವಿನ ಮಾತ್ರೆ ತಿನ್ನುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು.

ವ್ಯಾಯಾಮದ ಮಾತಿಗೆ ಮುಂಚೆ ಒಂದು ವಿಷಯ ಕಡ್ಡಾಯವಾಗಿ ಹೇಳಬೇಕು. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಕೈಕಾಲಿನಲ್ಲಿ ಬಲ ಕಡಿಮೆಯಾಗುವುದು ಅಥವಾ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು, ಮಾತು ತೊದಲುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು, ಎರಡೆರಡು ಕಾಣುವುದು. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಓಡಿ, ನಮ್ಮ ಹತ್ತಿರ ಬರಬೇಡಿ. ಕೊನೆಯ ಕೆಲವು ಲಕ್ಷಣಗಳು ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿರುವುದರ ಸೂಚನೆ ಇರಬಹುದು, ಅದರಿಂದ ಲಕ್ವ ಹೊಡೆಯುವ ಅಪಾಯವಿದೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ನಂತರ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಬಚ್ಚಲಲ್ಲಿ ಜಾರಿದ ಅಜ್ಜಿ ಹದಿನೈದು ದಿನದ ಮೇಲೆ ಮಂಕಾದರೆ "ವಯಸ್ಸಾಯ್ತು ಬಿಡಿ" ಅನ್ನಬೇಡಿ.

ಕುತ್ತಿಗೆಗೂ ಸ್ಕ್ಯಾನ್ ಬೇಕೇ ಎಂದು ನಿರ್ಧರಿಸಲು ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮವೊಂದಿದೆ. ವಯಸ್ಸು 65 ಅಥವಾ ಮೇಲ್ಪಟ್ಟವರು, 3 ಅಡಿ ಅಥವಾ ಅದಕ್ಕಿಂತ ಎತ್ತರದಿಂದ ಬಿದ್ದವರು, ಕೈಕಾಲು ಜುಮ್ಮೆನ್ನುತ್ತಿರುವವರಿಗೆಲ್ಲ ಚಿತ್ರ ತೆಗೆಸಲೇಬೇಕು. ಉಳಿದವರಲ್ಲೂ ಎರಡೂ ಕಡೆಗೆ 45 ಡಿಗ್ರಿ ತಿರುಗಿಸಲಾಗದಿದ್ದರೆ ಬೇಕು. ಇದು ಡಾಕ್ಟರ್ ಮಾಡುವ ಪರೀಕ್ಷೆ. ಬಿದ್ದ ಜಾಗದಲ್ಲಿ ಸುತ್ತ ನಿಂತವರು "ಕತ್ತು ತಿರುಗಿಸಿ ನೋಡೋಣ" ಎನ್ನುವುದು ಬೇರೆ, ಅದನ್ನು ಮಾಡಿಸಲೇಬಾರದು.

ಮೂಳೆ ಮುರಿದಿದ್ದರೆ ಕಾಲರ್ ಬೇಕೇ ಬೇಕು, ಡಾಕ್ಟರ್ ಹೇಳುವ ತನಕ ತೆಗೆಯಬಾರದು. ಮೂಳೆ ಸರಿಯಿದೆ, ಬರೀ ಉಳುಕು ಎಂದಾದರೆ ಲೆಕ್ಕ ಬೇರೆ. ಕ್ವಿಬೆಕ್‌ನ ತಜ್ಞರ ತಂಡ 1995ರಲ್ಲೇ ಇಂಥ ಪೆಟ್ಟಿಗೆ ಜಾಸ್ತಿ ವಿಶ್ರಾಂತಿಗಿಂತ ಬೇಗ ಚಲನೆ ಒಳ್ಳೆಯದು ಎಂದಿತ್ತು. ಆದರೂ ನಮ್ಮಲ್ಲಿ ಮೆದು ಕಾಲರ್ ತಿಂಗಳುಗಟ್ಟಲೆ ಕುತ್ತಿಗೆಯಲ್ಲೇ ಇರುತ್ತದೆ. ಅದು ಹಾಕಿದ್ದರೆ ಧೈರ್ಯ, ಬಸ್ಸಲ್ಲಿ ಸೀಟೂ ಸಿಗುತ್ತದೆ. ಆದರೆ ಒಳಗಿನ ಸ್ನಾಯುಗಳು ಕೆಲಸ ಮರೆಯುತ್ತವೆ. ತೆಗೆದ ದಿನ ನೋವು ಇನ್ನೂ ಜಾಸ್ತಿ. ಆಗ ಹೆದರಿ ಮತ್ತೆ ಕಾಲರ್!

ಮೊದಲ ಒಂದೆರಡು ದಿನ ಆರಾಮಾಗಿರಿ, ಮೊಬೈಲ್ ಕಡಿಮೆ ನೋಡಿ. ಆಮೇಲೆ ಡಾಕ್ಟರ್ ಒಪ್ಪಿದರೆ ನಡೆದಾಡಿ. ಕೂತುಕೊಂಡು ನಿಧಾನವಾಗಿ ಒಂದು ಭುಜದ ಕಡೆ ತಿರುಗಿ, ಬಿಗಿತ ಶುರುವಾಗುವ ತನಕ ಮಾತ್ರ. ಆಮೇಲೆ ಇನ್ನೊಂದು ಕಡೆ. ಐದೈದು ಸಲ, ದಿನಕ್ಕೆ ಹಲವು ಬಾರಿ. ಇನ್ನೊಂದು ವ್ಯಾಯಾಮ ನೋಡಲು ಏನೂ ಅಲ್ಲ ಅನಿಸುತ್ತದೆ. ಅಂಗಾತ ಮಲಗಿ ತಲೆ ಕೆಳಗೆ ತೆಳುವಾಗಿ ಮಡಚಿದ ಟವೆಲ್ ಇಡಿ. "ಹೂಂ" ಎನ್ನುವಾಗಿನಷ್ಟೇ ಗದ್ದವನ್ನು ಒಳಕ್ಕೆ ಬಾಗಿಸಿ, ತಲೆ ಎತ್ತಬೇಡಿ. 10 ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಕುತ್ತಿಗೆಯ ಮುಂದೆ ಎರಡು ಬದಿಗೆ ಹುರಿಯಂತೆ ಎದ್ದು ಕಾಣುವ ಸ್ನಾಯು ಮೆತ್ತಗೇ ಇರಬೇಕು. ಅದು ಬಿಗಿದರೆ ಬಲ ಜಾಸ್ತಿ ಹಾಕುತ್ತಿದ್ದೀರಿ ಎಂದರ್ಥ. ಮಾಡಿದಾಗ ಸ್ವಲ್ಪ ನೋವು ಏರಿ ಮಾರನೆಯ ಬೆಳಗ್ಗೆ ಇಳಿದರೆ ಪರವಾಗಿಲ್ಲ. ಇಳಿಯದಿದ್ದರೆ ಅರ್ಧ ಮಾಡಿ.

ತಲೆ ತೇಲಿದಂತಾಗುವುದು ಇನ್ನೊಂದು ದೂರು. ತಲೆ ಎತ್ತ ತಿರುಗಿದೆ ಎಂದು ಮಿದುಳಿಗೆ ತಿಳಿಸುವುದರಲ್ಲಿ ಕುತ್ತಿಗೆಯ ಸ್ನಾಯುಗಳ ಪಾಲು ದೊಡ್ಡದು, ಪೆಟ್ಟಾದಾಗ ಆ ಸುದ್ದಿ ತಪ್ಪುತ್ತದೆ. ಕ್ಲಿನಿಕ್ಕಿನಲ್ಲಿ ಹಣೆಗೆ ಚಿಕ್ಕ ಲೇಸರ್ ದೀಪ ಕಟ್ಟಿ, ಗೋಡೆಯಿಂದ 90 ಸೆಂಟಿಮೀಟರ್ ದೂರ ಕೂರಿಸುತ್ತೇವೆ. ಕಣ್ಣು ಮುಚ್ಚಿ ಪಕ್ಕಕ್ಕೆ ತಿರುಗಿ, ಮತ್ತೆ ನೇರ ಬಂದೆ ಅನಿಸಿದಾಗ ನಿಲ್ಲಬೇಕು. ಚುಕ್ಕೆ ಪದೇ ಪದೇ 7 ಸೆಂಟಿಮೀಟರಿಗಿಂತ ಜಾಸ್ತಿ ತಪ್ಪಿದರೆ ಆ ಅಂದಾಜು ಕೆಟ್ಟಿದೆ ಎಂದರ್ಥ. ಅದೇ ದೀಪ ಇಟ್ಟುಕೊಂಡೇ ತಿದ್ದಿಸುತ್ತೇವೆ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ನಿಲ್ಲುವಂತೆ ಕೋಣೆಯೇ ಗಿರ್ರನೆ ತಿರುಗಿದರೆ ಅದು ಬಹುಶಃ ಒಳಕಿವಿಯ ಹರಳು ಜಾರಿದ್ದು. ಅದಕ್ಕೂ ಚಿಕಿತ್ಸೆ ಇದೆ, ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಬೇಡಿ, ಕುತ್ತಿಗೆ ಇನ್ನೂ ಪೆಟ್ಟಿನಲ್ಲಿದೆ ಅಲ್ವಾ? 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಕ್ರೀಡೆಯಲ್ಲಿ ತಲೆಗೆ ಪೆಟ್ಟಾದವರ ಬಗ್ಗೆ ಹೇಳಿದ್ದೂ ಇದನ್ನೇ: ತಲೆನೋವು, ಕುತ್ತಿಗೆ ನೋವು, ತಲೆಸುತ್ತು 10 ದಿನ ದಾಟಿದರೆ ಕುತ್ತಿಗೆ ಮತ್ತು ಸಮತೋಲನ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಿ.

ಉಳುಕು ತೆಗೆಸಲು ಹೋಗಬೇಡಿ. ಕಟಿಂಗ್ ಶಾಪಿನಲ್ಲಿ ತಲೆ ಮಾಲೀಶ್ ಮುಗಿಸಿ ಲಟಕ್ಕೆಂದು ಕತ್ತು ತಿರುಗಿಸುವುದು ಯಾವಾಗಲೂ ಬೇಡ, ಪೆಟ್ಟಾದ ಮೇಲಂತೂ ಬೇಡವೇ ಬೇಡ. ಶೀರ್ಷಾಸನ, ಸರ್ವಾಂಗಾಸನ, ಹಲಾಸನವೂ ಸದ್ಯಕ್ಕಿಲ್ಲ. ಹುಲ್ಲಿನ ಹೊರೆ, ನೀರಿನ ಕೊಡ ತಲೆ ಮೇಲೆ ಹೊರುವ ಹೆಂಗಸರಿಗೆ ಸದ್ಯಕ್ಕೆ ಹೊರಬೇಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ ಎಂದು ಗೊತ್ತು. ಅದಕ್ಕೇ ನಾನು ಜೊತೆಗೆ ಬಂದ ಗಂಡನಿಗೋ ಮಗನಿಗೋ ನೇರವಾಗಿ ಹೇಳುತ್ತೇನೆ, ಕೆಲವು ವಾರ ಹೊರೆ ನಿಮ್ಮದು ಎಂದು.

ಬೈಕ್ ಯಾವಾಗ ಓಡಿಸಬಹುದು ಎಂದು ಎಲ್ಲರೂ ಕೇಳುತ್ತಾರೆ. ಡಾಕ್ಟರ್ ಒಪ್ಪಿಗೆ ಮೊದಲು. ಆಮೇಲೆ ನನ್ನ ಷರತ್ತು: ಸೊಂಟ ತಿರುಗಿಸದೆ ಎರಡೂ ಕಡೆ ಕತ್ತು ತಿರುಗಿಸಿ ಹಿಂದಿನ ಗಾಡಿ ನೋಡಲು ಆಗಬೇಕು, ತಲೆ ಸುತ್ತಬಾರದು. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಎಸೆಯಿರಿ. ಒಳಗಿನ ಥರ್ಮಾಕೋಲ್ ಒಮ್ಮೆ ಅಮುಕಿದರೆ ಮತ್ತೆ ಏಳುವುದಿಲ್ಲ. ತಮ್ಮನಿಗೆ ಕೊಡಲೂ ಬೇಡಿ.