ನವೆಂಬರ್‌ನ ನದಿಯಲ್ಲಿ ಸ್ಟ್ರೈಪರ್ ಯಾಕೆ ಕಚ್ಚುತ್ತಿಲ್ಲ?

ಪ್ರಶ್ನೆ: ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದೇನೆ. ಸೆಪ್ಟೆಂಬರ್ ತನಕ ಸಮುದ್ರದ ದಂಡೆಯಲ್ಲಿ ಫ್ಲೈ ರಾಡ್‌ಗೆ (ಕೂದಲು ಕಟ್ಟಿದ ಹಗುರ ಕೊಕ್ಕೆ, ಅಂದರೆ ಫ್ಲೈ, ಎಸೆಯುವ ಗಾಳ) ಸ್ಟ್ರೈಪರ್ ಎನ್ನುವ ಸ್ಟ್ರೈಪ್ಡ್ ಬಾಸ್ ಮೀನು ಚೆನ್ನಾಗಿ ಸಿಗುತ್ತಿತ್ತು. ಈಗ ಇಲ್ಲಿನ ಥೇಮ್ಸ್ ನದಿಗೆ ಹೋಗುತ್ತಿದ್ದೇನೆ. ಪಕ್ಕದಲ್ಲೇ ಜಿಗ್ (ಸೀಸದ ತಲೆಯ ಕೊಕ್ಕೆ) ಹಾಕುವವರಿಗೆ ಮೀನು ಬರುತ್ತಿದೆ, ನನಗಿಲ್ಲ. ಡಬ್ಬಿಯಲ್ಲಿರುವ ಫ್ಲೈಗಳನ್ನೆಲ್ಲ ಹಾಕಿ ನೋಡಿದ್ದಾಯಿತು. ಯಾವ ಫ್ಲೈ ಕಟ್ಟಲಿ?

ಉತ್ತರ: ಫ್ಲೈ ಯಾವುದಾದರೂ ಇರಲಿ, ಮೊದಲು ಲೈನ್ (ಗಾಳದ ದಾರ) ಬದಲಿಸಿ. ಪಕ್ಕದವರಿಗೆ ಮೀನು ಸಿಗುತ್ತಿರುವುದು ಜಿಗ್‌ನ ಬಣ್ಣದಿಂದಲ್ಲ. ಅದರ ಸೀಸದ ತಲೆ ನೆಲ ಮುಟ್ಟುತ್ತಿರುವುದರಿಂದ. ನಿಮ್ಮ ಫ್ಲೈ ಬಹುಶಃ ಮೀನಿನ ತಲೆಯ ಮೇಲೆ ಏಳೆಂಟು ಅಡಿ ಎತ್ತರದಲ್ಲಿ ಹಾದುಹೋಗುತ್ತಿದೆ.

ಚಳಿ ಹತ್ತಿರವಾದಂತೆ ಹೆಚ್ಚಿನ ಸ್ಟ್ರೈಪರ್‌ಗಳು ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿಯುತ್ತವೆ. ಒಂದು ಪಾಲು ಮಾತ್ರ, ಅದರಲ್ಲೂ ಸ್ಕೂಲಿ ಎನ್ನುವ ಸಣ್ಣ ಗಾತ್ರದವು, ನದಿಯೊಳಗೇ ಚಳಿಗಾಲ ಕಳೆಯುತ್ತವೆ. ಇವಕ್ಕೆ ಅಲ್ಲಿ ಹೋಲ್ಡೋವರ್ ಎನ್ನುತ್ತಾರೆ. ಯಾಂಟಿಕ್ ಮತ್ತು ಶೆಟಕೆಟ್ ಹೊಳೆಗಳು ಕೂಡಿ ಥೇಮ್ಸ್ ಆಗುವ ನಾರ್ವಿಚ್ ಊರಿನ ಆಸುಪಾಸು, ಹಾಗೆಯೇ ಹೂಸಟಾನಿಕ್ ನದಿಯಲ್ಲಿ ಡರ್ಬಿ ಅಣೆಕಟ್ಟಿನ ಕೆಳಗಿನ ಭಾಗ, ಇದಕ್ಕೆ ಹೆಸರಾದ ಜಾಗಗಳು. ಎರಡೂ ಕಡೆ ಸಮುದ್ರದ ಉಬ್ಬರವಿಳಿತ ಅಷ್ಟು ಮೇಲಿನವರೆಗೂ ತಲುಪುತ್ತದೆ.

ಅವು ತಳದಲ್ಲೇ ಇರಲು ಕಾರಣವಿದೆ. ಹೊರಗಿನ ಚಳಿಗೆ ನದಿಯ ಸಿಹಿನೀರು ಬೇಗ ತಣಿಯುತ್ತದೆ, ಸಮುದ್ರದ ನೀರು ನಿಧಾನವಾಗಿ. ಉಪ್ಪುನೀರು ಭಾರ; ಅದು ಸಿಹಿನೀರಿನ ಅಡಿಯಲ್ಲಿ ನುಗ್ಗಿ ಮಡುಗಳಲ್ಲಿ ಕೂರುತ್ತದೆ. ಹಾಗಾಗಿ ನವೆಂಬರ್‌ನಲ್ಲಿ ಮೇಲ್ಮೈಗಿಂತ ತಳವೇ ಬೆಚ್ಚಗಿರುವುದುಂಟು. ಸೆಳೆತವೂ ಅಲ್ಲಿ ಕಡಿಮೆ. ಮೀನು ಬೇರೆಲ್ಲಿಗೆ ಹೋದೀತು?

ಜೇಬಿನಲ್ಲೊಂದು ಥರ್ಮಾಮೀಟರ್ ಇರಲಿ. ನೀರು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 13 ಸೆಲ್ಸಿಯಸ್) ಮೇಲಿದ್ದರೆ ಮೀನು ಇನ್ನೂ ಬೆನ್ನಟ್ಟಿ ತಿನ್ನುತ್ತದೆ. ಹೆರಿಂಗ್ ಮತ್ತು ಶ್ಯಾಡ್ ಮೀನಿನ ಮರಿಗಳು ಸಮುದ್ರಕ್ಕೆ ಇಳಿಯುವ ಕಾಲ ಅದು. ಮುಸ್ಸಂಜೆಯಲ್ಲಿ ಮೇಲ್ಮೈಯಲ್ಲೂ ಬೇಟೆ ಕಾಣಬಹುದು. 50ರ ಕೆಳಗೆ ಇಳಿದರೆ ಆ ಆಟ ಹೆಚ್ಚುಕಡಿಮೆ ಮುಗಿಯಿತು. ಆಮೇಲೆ ಮೂಗಿನ ಮುಂದೆ ನಿಧಾನವಾಗಿ ಬಂದದ್ದನ್ನಷ್ಟೇ ಬಾಯಿಗೆ ಹಾಕಿಕೊಳ್ಳುತ್ತದೆ.

ಈಗ ಲೆಕ್ಕ. ಬೇಸಿಗೆಯಲ್ಲಿ ಬಳಸಿದ ಇಂಟರ್‌ಮೀಡಿಯೆಟ್ (ನಿಧಾನವಾಗಿ ಮುಳುಗುವ) ಲೈನ್ ಸೆಕೆಂಡಿಗೆ ಒಂದೂವರೆ–ಎರಡು ಇಂಚು ಮುಳುಗುತ್ತದೆ. 12 ಅಡಿ ಆಳ ಎಂದರೆ 144 ಇಂಚು. ತಳ ಮುಟ್ಟಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಸೆಳೆತ ಅದನ್ನು ದಡಕ್ಕೆ ತಂದು ಬಿಟ್ಟಿರುತ್ತದೆ. 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಮುಳುಗುವ ಲೈನ್ ಸೆಕೆಂಡಿಗೆ ಸುಮಾರು 6 ಇಂಚು ಇಳಿಯುತ್ತದೆ, ಅಂದರೆ 24 ಸೆಕೆಂಡು. ನೀರು ಸೆಕೆಂಡಿಗೆ ಒಂದೂವರೆ ಅಡಿ ಹರಿಯುತ್ತಿದ್ದರೆ ಈ 24 ಸೆಕೆಂಡಿನಲ್ಲಿ ಫ್ಲೈ ಹರಿವಿನ ಜೊತೆ 36 ಅಡಿ ಮುಂದಕ್ಕೆ ಹೋಗಿರುತ್ತದೆ. ಆದ್ದರಿಂದ ಮೀನಿದೆ ಎಂದುಕೊಂಡ ಜಾಗಕ್ಕೆ ಎಸೆಯಬಾರದು, ಅದಕ್ಕಿಂತ 35–40 ಅಡಿ ಹರಿವಿನ ಮೇಲ್ಬದಿಗೆ, ಓರೆಯಾಗಿ ಎಸೆಯಬೇಕು. ಬಿದ್ದ ಕೂಡಲೇ ರಾಡ್ ತುದಿಯಿಂದ ಲೈನನ್ನು ಹರಿವಿನ ಮೇಲ್ಬದಿಗೆ ಎತ್ತಿ ಹಾಕಿ, ಒಂದಿಷ್ಟು ಸಡಿಲ ಬಿಡಿ. ಲೈನ್ ಬಿಗಿಯಾದರೆ ಮುಳುಗುವುದು ನಿಲ್ಲುತ್ತದೆ. ಎಣಿಸುತ್ತಾ ಹೋಗಿ, ನೆಲ ತಗುಲಿದರೆ ಮುಂದಿನ ಸಲ ಎರಡು ಸೆಕೆಂಡು ಕಡಿಮೆ ಎಣಿಸಿ. ನೆಲ ಒಮ್ಮೆಯೂ ತಗುಲದಿದ್ದರೆ ನೀವಿನ್ನೂ ಆಳಕ್ಕೆ ಹೋಗಿಲ್ಲ ಎಂದೇ ತಿಳಿಯಿರಿ.

ಇಷ್ಟು ತೂಕ ಎಸೆಯಲು 9 ಅಡಿಯ, 9 ನಂಬರಿನ ರಾಡ್ ಸಾಕು. ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಮಾತ್ರ ಗಿಡ್ಡವಿರಲಿ: 20 ಪೌಂಡ್ ತಾಳುವ ಫ್ಲೋರೋಕಾರ್ಬನ್ ದಾರ ನಾಲ್ಕು ಅಡಿ. ಬೇಸಿಗೆಯ ಒಂಬತ್ತು ಅಡಿ ಲೀಡರನ್ನೇ ಉಳಿಸಿಕೊಂಡರೆ ಲೈನ್ ತಳದಲ್ಲಿ, ಫ್ಲೈ ಮಾತ್ರ ಮೇಲೆ. ಬಹಳ ಜನ ಎಡವುವುದು ಇಲ್ಲೇ.

ಫ್ಲೈ ಬಗ್ಗೆ ಕೇಳಿದ್ದೀರಿ: ಮೂರು–ನಾಲ್ಕು ಇಂಚಿನ, ಕೂದಲು ವಿರಳವಾಗಿ ಕಟ್ಟಿದ ಕ್ಲೌಸರ್ ಎಂಬ ಫ್ಲೈ, 1/0 ಅಳತೆಯ ಕೊಕ್ಕೆ, ಬಿಳಿ ಅಥವಾ ಬಿಳಿ–ಆಲಿವ್. ಇದರ ಲೋಹದ ಕಣ್ಣಿನ ಭಾರಕ್ಕೆ ಕೊಕ್ಕೆಯ ಮೊನೆ ಮೇಲ್ಮುಖವಾಗಿ ನಿಲ್ಲುವುದರಿಂದ ಕಲ್ಲಿಗೆ ಸಿಕ್ಕುವುದು ಕಡಿಮೆ. ದಟ್ಟವಾಗಿ ಕಟ್ಟಿದ್ದು ಮುಳುಗಲು ತಡಮಾಡುತ್ತದೆ.

ಎಳೆಯುವುದು ನಿಧಾನ. ನಾಲ್ಕು ಇಂಚು ಎಳೆದು, ಎರಡು ಸೆಕೆಂಡು ಬಿಟ್ಟು, ಮತ್ತೆ ನಾಲ್ಕು. ತಣ್ಣೀರಿನಲ್ಲಿ ಮೀನು ಜಗ್ಗುವುದಿಲ್ಲ. ಒದ್ದೆ ಎಲೆ ಸಿಕ್ಕಂತೆ ಲೈನ್ ಸ್ವಲ್ಪ ಭಾರವಾಗುತ್ತದೆ, ಅಷ್ಟೇ. ತೊಂದರೆ ಏನೆಂದರೆ ಈ ಕಾಲದಲ್ಲಿ ನದಿ ತುಂಬ ನಿಜವಾದ ಎಲೆಗಳೂ ತೇಲುತ್ತಿರುತ್ತವೆ. ದೊಡ್ಡ ಉಬ್ಬರ ದಡದ ಮೇಪಲ್, ಓಕ್ ಎಲೆಗಳನ್ನೆಲ್ಲ ಎತ್ತಿಕೊಂಡು ಇಳಿತದ ಮೊದಲ ಗಂಟೆಯಲ್ಲಿ ತಂದು ಸುರಿಯುತ್ತದೆ. ಪ್ರತಿ ಎಸೆತಕ್ಕೂ ಕೊಕ್ಕೆ ನೋಡಿಕೊಳ್ಳಿ. ಒಂದು ಚೂರು ಎಲೆ ಸಿಕ್ಕಿದ್ದರೂ ಆ ಎಸೆತ ದಂಡ. ಎಲೆಯೋ ಮೀನೋ ಎಂಬ ಅನುಮಾನ ಬಂದರೆ ಕೈಯಿಂದ ಲೈನನ್ನೇ ಉದ್ದಕ್ಕೆ ಎಳೆಯಿರಿ. ಟ್ರೌಟ್ ಹಿಡಿಯುವವರಂತೆ ರಾಡ್ ಮೇಲೆತ್ತಿದರೆ ಫ್ಲೈ ಬಾಯಿಂದ ಕಳಚಿ ಮೂರಡಿ ಮೇಲಕ್ಕೆ ಹಾರುತ್ತದೆ, ಎರಡನೇ ಅವಕಾಶವೂ ಹೋಯಿತು. ಲೈನನ್ನೇ ಎಳೆದಿದ್ದರೆ ಫ್ಲೈ ಅಲ್ಲೇ ಇರುತ್ತದೆ, ಅದೇ ಮೀನು ಮತ್ತೆ ಕಚ್ಚಬಹುದು.

ಉಬ್ಬರದ ವೇಳಾಪಟ್ಟಿ ನದಿ ಸಮುದ್ರ ಸೇರುವ ನ್ಯೂ ಲಂಡನ್‌ನದ್ದಲ್ಲ, ನಾರ್ವಿಚ್‌ನದ್ದೇ ನೋಡಿ. ಅಳಿವೆಬಾಯಿಯ ಸಮಯಕ್ಕೂ ಒಳನಾಡಿನ ಸಮಯಕ್ಕೂ ವ್ಯತ್ಯಾಸವಿದೆ. ಇಳಿತದ ಭರ ತಗ್ಗುವ ಕೊನೆಯ ಹೊತ್ತು, ಮಡುವಿನ ಅಂಚು, ಸೇತುವೆ ಕಂಬದ ಹಿಂದಿನ ನಿಶ್ಚಲ ನೀರು: ಇವಕ್ಕೆ ಮೊದಲ ಆದ್ಯತೆ ಕೊಡಿ. ಸೆಳೆತ ಜೋರಿದ್ದಾಗ ಎಷ್ಟು ಭಾರದ ಲೈನ್ ಹಾಕಿದರೂ ತಳ ಸಿಗುವುದಿಲ್ಲ.

ಜಾಗ ಸಿಕ್ಕಿದ ಮೇಲೆ ಬೇರೆಯೇ ಸಮಸ್ಯೆ. ಚಳಿಗೆ ಮೀನುಗಳು ಒತ್ತೊತ್ತಾಗಿ ಗುಂಪುಗೂಡಿರುತ್ತವೆ, ಕೊಕ್ಕೆ ಬಾಯಿಗೆ ಬದಲು ಹೊಟ್ಟೆಗೋ ಬೆನ್ನಿಗೋ ಚುಚ್ಚುತ್ತದೆ. ಸತತ ಎರಡು ಮೀನು ಹಾಗೆ ಬಂದರೆ ನಾಲ್ಕೈದು ಸೆಕೆಂಡು ಕಡಿಮೆ ಎಣಿಸಿ, ಗುಂಪಿನ ಮೇಲ್ಭಾಗದಲ್ಲಿ ಎಳೆಯಿರಿ. ಆಗಲೂ ಹಾಗೇ ಆದರೆ ಆ ಮಡು ಬಿಟ್ಟು ಸರಿಯಿರಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಬಿಡಿ. ಬಿಡುವ ಮೀನನ್ನು ನೀರಿನಲ್ಲಿಟ್ಟೇ ಬಿಡಿಸುವುದು ಒಳ್ಳೆಯದು, ಹೆಪ್ಪುಗಟ್ಟುವ ಗಾಳಿಯಲ್ಲಿ ಕಿವಿರಿಗೆ ಬೇಗ ಏಟು ಬೀಳುತ್ತದೆ. ಕರಾವಳಿಯ ನಿಯಮದ ಪ್ರಕಾರ 2023ರಿಂದ ಇಟ್ಟುಕೊಳ್ಳಬಹುದಾದದ್ದು ದಿನಕ್ಕೆ ಒಂದೇ, ಅದೂ 28ರಿಂದ 31 ಇಂಚಿನೊಳಗಿನದು. ಹೋಲ್ಡೋವರ್‌ಗಳಲ್ಲಿ ಬಹುಪಾಲು ಆ ಅಳತೆಗೆ ಬರುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಪ್ರತಿ ವರ್ಷ ರಾಜ್ಯದ ಪಟ್ಟಿ ನೋಡಿಕೊಂಡೇ ಹೊರಡಿ. ನೀರಿಗಿಳಿಯುವುದಾದರೆ ವೇಡರ್ಸ್‌ನ (ನೀರಿನಲ್ಲಿ ನಿಲ್ಲಲು ತೊಡುವ ಉಡುಪು) ಸೊಂಟದ ಪಟ್ಟಿ ಬಿಗಿದಿರಲಿ, ಒಬ್ಬರೇ ಹೋಗಬೇಡಿ.