ಕರಗದೆ ಉಳಿದ ಫ್ರೆಂಚ್ ಬೆಳ್ಳಿ

ಫ್ರಾನ್ಸಿನ ಹಳೇ ಬೆಳ್ಳಿಯ ಡ್ರೆಸ್ಸಿಂಗ್ ಟೇಬಲ್ ಸೆಟ್ ಅಂತ ಇವತ್ತು ಮಾರಾಟಕ್ಕೆ ಬರುವುದು ಹೆಚ್ಚಾಗಿ 19ನೇ ಶತಮಾನದ ಕೊನೆಯದ್ದು, ಇಲ್ಲವೇ ಅದರ ಈಚೆಯದ್ದು. ಬ್ರಷ್, ಬಾಚಣಿಗೆ, ಕೈಗನ್ನಡಿ, ಬೆಳ್ಳಿ ಮುಚ್ಚಳದ ಒಂದೆರಡು ಗಾಜಿನ ಡಬ್ಬಿ, ಅಷ್ಟೇ. ಅದಕ್ಕೂ ಹಿಂದಿನ ಪೂರ್ತಿ ಸೆಟ್ ಸಿಗುವುದು ತೀರಾ ಅಪರೂಪ.

17, 18ನೇ ಶತಮಾನದಲ್ಲಿ ದೊಡ್ಡ ಮನೆತನದ ಹೆಂಗಸರು ಬಾಗಿಲು ಹಾಕಿಕೊಂಡು ಅಲಂಕಾರ ಮಾಡಿಕೊಳ್ಳುತ್ತಿರಲಿಲ್ಲ. ಆ ಹೊತ್ತಿಗೇ ಜನ ಬಂದು ಮಾತಾಡಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಸಾಮಾನೂ ನಾಲ್ಕು ಜನ ನೋಡಲಿ ಅಂತಲೇ ಇರುತ್ತಿತ್ತು: ಬೆಳ್ಳಿ ಚೌಕಟ್ಟಿನ ಕನ್ನಡಿ, ಮೇಣದಬತ್ತಿ ಕಂಬ, ಹೂಜಿ, ಬೋಗುಣಿ, ಪೌಡರ್ ಡಬ್ಬಿ, ಪಿನ್ನು ಚುಚ್ಚಿಡುವ ಪುಟ್ಟ ದಿಂಬು, ಹಲ್ಲುಜ್ಜುವ ಬೇರು ಇಡೋಕೂ ಒಂದು ಬೇರೆ ಪೆಟ್ಟಿಗೆ! ಎಲ್ಲಾ ಗಟ್ಟಿ ಬೆಳ್ಳಿ.

ಆ ತೂಕವೇ ಮುಳುವಾಯಿತು. 1689ರಲ್ಲಿ ಯುದ್ಧದ ಖರ್ಚಿಗೆ ದುಡ್ಡಿಲ್ಲದೆ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ತನ್ನ ವರ್ಸೈಲ್ಸ್ ಅರಮನೆಯ ಬೆಳ್ಳಿ ಪೀಠೋಪಕರಣಗಳನ್ನೇ ಟಂಕಸಾಲೆಗೆ ಕಳಿಸಿದ, ಪ್ರಜೆಗಳೂ ತಂದು ಕೊಡಬೇಕು ಅಂತ ಆಜ್ಞೆ ಹೊರಡಿಸಿದ. 1709ರಲ್ಲಿ ಮತ್ತೆ ಅದೇ ಕಥೆ. 1759ರಲ್ಲಿ ಹದಿನೈದನೇ ಲೂಯಿಯೂ ಅದನ್ನೇ ಮಾಡಿದ, ಅಳಿದುಳಿದದ್ದರಲ್ಲಿ ಎಷ್ಟೋ 1789ರ ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಹೋಯಿತು. ನಮ್ಮಲ್ಲಿ ಮಗಳ ಮದುವೆಗೆ ಹಳೇ ಬೆಳ್ಳಿ ಕರಗಿಸಿ ಹೊಸ ತಟ್ಟೆ ಮಾಡಿಸುತ್ತೇವಲ್ಲ, ಅಲ್ಲಿ ಹಾಗೂ ಇಲ್ಲ, ಕರಗಿದ್ದು ನಾಣ್ಯವಾಗಿ ಯುದ್ಧಕ್ಕೆ ಹೋಯಿತು.

ಉಳಿದದ್ದರಲ್ಲಿ ಹೆಸರಾದವು ದೇಶ ಬಿಟ್ಟು ಹೋದವು. ಫ್ರಾನ್ಸೆಸ್ ಸ್ಟುವರ್ಟ್ ಎಂಬ ಡಚೆಸ್‌ಳದ್ದು ಅಂತ ಹೇಳುವ ಪ್ಯಾರಿಸ್ ಸೆಟ್ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಪೋರ್ಚುಗಲ್‌ನ ಕದವಾಲ್ ಡ್ಯೂಕ್ ಮನೆತನಕ್ಕಾಗಿ 1738-39ರಲ್ಲಿ ಮಾಡಿದ್ದು ಅಮೆರಿಕದ ಡೆಟ್ರಾಯಿಟ್‌ನ ಮ್ಯೂಸಿಯಂನಲ್ಲಿದೆ. ಊರಲ್ಲೇ ಇದ್ದಿದ್ದರೆ ಇವೂ ಕುಲುಮೆ ಸೇರುತ್ತಿದ್ದವೋ ಏನೋ. ಆದರೆ ಹೊರಗೆ ಹೋದದ್ದೆಲ್ಲ ಬಚಾವಾಯಿತು ಅನ್ನೋ ಹಾಗೂ ಇಲ್ಲ. 1810ರಲ್ಲಿ ಪ್ಯಾರಿಸ್ ನಗರ ನೆಪೋಲಿಯನ್‌ನ ಹೊಸ ಹೆಂಡತಿ ಮರೀ ಲೂಯಿಸ್‌ಗೆ ಕೊಟ್ಟ ಭರ್ಜರಿ ಸೆಟ್ಟನ್ನು ಆಕೆಯೇ ಮುಂದೆ ಇಟಲಿಯ ಪಾರ್ಮಾದಲ್ಲಿ ಕರಗಿಸಿಬಿಟ್ಟಳು.

ಈಗ ಸಿಗುವ ಸೆಟ್ಟಿನ ಮೇಲೆ ಭೂತಗನ್ನಡಿ ಹಿಡಿದರೆ ಮಿನರ್ವ ದೇವತೆಯ ಪುಟ್ಟ ತಲೆ ಕಾಣಬಹುದು. ಅದು 1838ರಲ್ಲಿ ಬಂದ ಸರ್ಕಾರಿ ಮುದ್ರೆ. ಪಕ್ಕದಲ್ಲಿ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ಆದರೆ ಬ್ರಷ್ಷಿನ ಬೆನ್ನಿಗಿರುವುದು ಸಾಮಾನ್ಯವಾಗಿ ಅಚ್ಚೊತ್ತಿದ ತೆಳು ತಗಡು, ಕರಗಿಸಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಇವು ಇಷ್ಟೊಂದು ಉಳಿದಿರೋದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತೆ.